ಎಂಟನೇ ಕ್ಲಾಸಿನಿಂದಲೇ ಕಾಲೇಜಿನ ತಯಾರಿ: ನಮ್ಮ ಕನ್ನಡ ಮಾಧ್ಯಮದ ಮಕ್ಕಳ ಜೊತೆ ಯಾರು ಹೋಗ್ತಾರೆ?

ನೀರ್ಚಾಲಿನ ಟೀಚರ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ 26 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಒಬ್ಬ ಹುಡುಗಿಯ ವಿಷಯ ಮನಸ್ಸಿನಿಂದ ಹೋಗುತ್ತಾ ಇಲ್ಲ. ಅದನ್ನು ಹೇಳಿಯೇ ಶುರು ಮಾಡುತ್ತೇನೆ.

ಅಪ್ಪ ಅಡಿಕೆ ಮರ ಹತ್ತುವವರು, ಅಮ್ಮ ಬೀಡಿ ಕಟ್ಟುವವರು. ಎಸ್ಸೆಸ್ಸೆಲ್ಸಿಯಲ್ಲಿ ಅವಳಿಗೆ ಎಲ್ಲ ವಿಷಯಕ್ಕೂ ಎ ಪ್ಲಸ್. ಪ್ಲಸ್ ವನ್ (ಹನ್ನೊಂದನೇ ಕ್ಲಾಸು) ಅರ್ಜಿಯನ್ನು ಪೇಟೆಯ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ತುಂಬಿಸಿದರು. ಮನೆಗೆ ಇದ್ದದ್ದು ಒಂದೇ ಫೋನು, ಅದು ಬೆಳಗ್ಗೆ ಅಪ್ಪನ ಜೊತೆ ತೋಟಕ್ಕೆ ಹೋಗುತ್ತದೆ. ಒಟಿಪಿ ಬರಬೇಕಲ್ಲ ಅಂತ ಅಂಗಡಿಯವರು ತಮ್ಮದೇ ನಂಬರ್ ಹಾಕಿಬಿಟ್ಟರು. ಮೊದಲ ಅಲಾಟ್‌ಮೆಂಟಿನಲ್ಲೇ ಹತ್ತಿರದ ಶಾಲೆಯಲ್ಲಿ ಸಯನ್ಸ್ ಸೀಟು ಬಂತು. ಮೆಸೇಜು ಅಂಗಡಿಯ ಫೋನಿಗೆ ಹೋಯಿತು. ಇವಳು ಮನೆಯಲ್ಲಿ ಕಾಯುತ್ತಾ ಕೂತಳು. ಸೇರುವ ದಿನ ದಾಟಿಹೋಯಿತು. ಸೀಟು ಸಿಕ್ಕಿಯೂ ಸೇರದವರಿಗೆ ಸಪ್ಲಿಮೆಂಟರಿಯಲ್ಲಿ (ಉಳಿದ ಸೀಟುಗಳ ಹಂಚಿಕೆ) ಅರ್ಜಿ ಹಾಕಲಿಕ್ಕೆ ಇಲ್ಲ ಅನ್ನುವುದು ನಿಯಮ. ಈಗ ಶಾಲೆಗೆ ಹೋಗದೆ ಪರೀಕ್ಷೆ ಬರೆಯುವವರ ಸರಕಾರಿ ಸಂಸ್ಥೆ ಸ್ಕೋಲ್ ಕೇರಳದಲ್ಲಿ ಪ್ರೈವೆಟ್ ಆಗಿ ಹ್ಯುಮಾನಿಟೀಸ್ ಬರೆಯುತ್ತಿದ್ದಾಳೆ. ಭೌತಶಾಸ್ತ್ರ ಓದಬೇಕು ಅಂತ ಎಂಟನೇ ಕ್ಲಾಸಿನಿಂದ ಹೇಳುತ್ತಿದ್ದವಳು. "ಟೀಚರ್, ನಂಗೆ ಯಾರೂ ಹೇಳ್ಲಿಲ್ಲ" ಅಂದಳು. ಆ ಯಾರೂ ಅನ್ನುವುದರಲ್ಲಿ ನಾನೂ ಇದ್ದೇನೆ. ಮಾರ್ಕು ಬಂತಲ್ಲ, ಇನ್ನು ದಾರಿ ಅದಾಗಿ ತೆರೆಯುತ್ತದೆ ಅಂತ ನಾನು ಸುಮ್ಮನಿದ್ದೆ.

ನಮ್ಮ ಮಕ್ಕಳು ಮಾರ್ಕು ತೆಗೆಯುತ್ತಾರೆ. ಅದಕ್ಕೆ ಬೇಕಾದ್ದನ್ನು ಶಾಲೆ ಮಾಡುತ್ತದೆ. ಕಾಗದ, ತಾರೀಕು, ಇಂಗ್ಲಿಷ್ ಶಬ್ದ, ಬಸ್ಸಿನ ದುಡ್ಡು, ಇವುಗಳಿಗೆ ಜನ ಇಲ್ಲ. ಮನೆಯಲ್ಲಿ ಮೊದಲೇ ಕಾಲೇಜಿಗೆ ಹೋದವರು ಇದ್ದರೆ ಊಟದ ಹೊತ್ತಿಗೆ ಮಾತಿನ ನಡುವೆಯೇ ಎಲ್ಲ ಗೊತ್ತಾಗುತ್ತದೆ. ಇಲ್ಲದವರಿಗೆ ಗೊತ್ತಾಗುವಾಗ ತಾರೀಕು ಮುಗಿದಿರುತ್ತದೆ. ಕಾಸರಗೋಡಿನಲ್ಲಿ ಇದರ ಮೇಲೆ ಇನ್ನೊಂದು ಉಂಟು: ಮನೆಯಲ್ಲಿ ತುಳು ಅಥವಾ ಮರಾಠಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ, ವಿಲೇಜ್ ಆಫೀಸಿನ ನೋಟೀಸು ಮಲಯಾಳದಲ್ಲಿ, ಪ್ಲಸ್ ವನ್ ಪಾಠ ಇಂಗ್ಲಿಷಿನಲ್ಲಿ. ನಾಲ್ಕು ಭಾಷೆಗಳ ಸಂದಿಯಲ್ಲಿ ಎಷ್ಟೋ ಮಾಹಿತಿ ಬಿದ್ದುಹೋಗುತ್ತದೆ.

ಹಾಗಾಗಿ ಎಂಟನೇ ಕ್ಲಾಸಿನಿಂದಲೇ, ಸಾಧ್ಯವಾದರೆ ಏಳರಿಂದಲೇ, ಈ ಮಕ್ಕಳ ಜೊತೆ ಒಬ್ಬರು ಹೋಗಬೇಕು ಅಂತ ನನಗೆ ಅನಿಸುತ್ತದೆ. ನಿಮ್ಮ ನಿಮ್ಮ ಅನುಭವ ಬರೆಯಿರಿ. ಎಲ್ಲಿ ಎಡವಿದಿರಿ ಅನ್ನುವುದನ್ನೇ ಬರೆಯಿರಿ, ಅದು ಹೆಚ್ಚು ಉಪಯೋಗ.

ಮುಳ್ಳೇರಿಯ, ಅಕ್ಷಯದಲ್ಲಿ ಕೆಲಸ

ಟೀಚರೇ, ನಾನು ಒಂಬತ್ತು ವರ್ಷದಿಂದ ಸರಕಾರದ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕೂತು ಇದೇ ಅರ್ಜಿಗಳನ್ನು ತುಂಬುವವನು. ಜೂನ್‌ನಲ್ಲಿ ನಮ್ಮ ಬಾಗಿಲಲ್ಲಿ ಅಳುವ ಮಕ್ಕಳನ್ನು ಪ್ರತಿ ವರ್ಷ ನೋಡ್ತೇನೆ. ಹತ್ತರಲ್ಲಿ ಏಳೆಂಟು ಕೇಸು ಹೆಸರಿನದ್ದೇ.

ಹೇಗೆ ಅಂತ ಹೇಳ್ತೇನೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಹುಟ್ಟುವುದು ಮಂಗಳೂರಿನ ಆಸ್ಪತ್ರೆಯಲ್ಲಿ. ಜನನ ಪತ್ರ ಅಲ್ಲಿಯದ್ದು, ಅದರಲ್ಲಿ "ಚೈತ್ರ" ಅಂತ ಬರೆಯುವಾಗ ಇಂಗ್ಲಿಷಿನಲ್ಲಿ ಬರೇ ಟಿ. ಶಾಲೆಗೆ ಸೇರಿಸುವಾಗ ಟಿ ಎಚ್. ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಬಾಲದಂತೆ ಸೇರಿದೆ, ಶಾಲೆಯಲ್ಲಿ ಒಂದೇ ಇನಿಶಿಯಲ್. ರೇಶನ್ ಕಾರ್ಡಿನಲ್ಲಿ ಮಲಯಾಳ ಅಕ್ಷರದಿಂದ ಬಂದ ಇನ್ನೊಂದು ರೂಪ. ನಾಲ್ಕು ಕಾಗದದಲ್ಲಿ ನಾಲ್ಕು ಹುಡುಗಿಯರು. ಕಂಪ್ಯೂಟರಿಗೆ ಇವಳೇ ಅವಳು ಅಂತ ಗೊತ್ತಾಗುವುದಿಲ್ಲ, ಸ್ಕಾಲರ್‌ಶಿಪ್ ಅಲ್ಲೇ ನಿಲ್ತದೆ.

ಸರಿ ಮಾಡುವ ಕಾಲ ಎಂಟು ಮತ್ತು ಒಂಬತ್ತನೇ ಕ್ಲಾಸು. ಆಗ ಜನನ ಪತ್ರ ಹಿಡಿದುಕೊಂಡು ಹೆಡ್ಮಾಷ್ಟ್ರ ಹತ್ತಿರ ಹೋದರೆ ಶಾಲೆಯ ರಿಜಿಸ್ಟರಿನಲ್ಲೂ ಶಾಲೆಗಳ ಆನ್‌ಲೈನ್ ದಾಖಲೆ ‘ಸಂಪೂರ್ಣ’ದಲ್ಲೂ ತಿದ್ದಲಿಕ್ಕೆ ಆಗ್ತದೆ. ಹತ್ತರಲ್ಲಿ ಎ ಲಿಸ್ಟ್ (ಪರೀಕ್ಷೆ ಬರೆಯುವವರ ಪಟ್ಟಿ) ಹೋದ ಮೇಲೆ, ಎಸ್ಸೆಸ್ಸೆಲ್ಸಿ ಬುಕ್ಕಿನಲ್ಲಿ ಅಚ್ಚಾದ ಮೇಲೆ, ಅದೇ ಒಂದಕ್ಷರಕ್ಕೆ ತಿಂಗಳುಗಟ್ಟಲೆ ಅಲೆಯಬೇಕು. ಕೂಲಿ ಬಿಟ್ಟು ಅಲೆಯುವುದು ಯಾರಿಗೆ ಸಾಧ್ಯ?

ಇನ್ನೊಂದು, ಹೆಚ್ಚಿನವರಿಗೆ ಗೊತ್ತಿಲ್ಲದ್ದು. ಐದು ವರ್ಷಕ್ಕೂ ಹದಿನೈದು ವರ್ಷಕ್ಕೂ ಆಧಾರ್‌ನ ಬೆರಳಚ್ಚು, ಕಣ್ಣು ಹೊಸತಾಗಿ ಕೊಡಬೇಕು. 15ರಿಂದ 17ರ ಒಳಗೆ ಮಾಡಿದರೆ ಫೀಸ್ ಇಲ್ಲ. ಅದು ಸರೀ ಹತ್ತನೇ ಕ್ಲಾಸಿನ ವಯಸ್ಸು. ಪರೀಕ್ಷೆಯ ಗಡಿಬಿಡಿಯಲ್ಲಿ ಎಲ್ಲರೂ ಮರೀತಾರೆ.

ಬ್ಯಾಂಕ್ ಖಾತೆ ಮಗುವಿನ ಹೆಸರಲ್ಲೇ ಇರಬೇಕು. "ಆಧಾರ್ ಕೊಟ್ಟಿದ್ದೇವೆ" ಅಂದರೆ ಸಾಲದು, ಸೀಡಿಂಗ್ (ಖಾತೆಗೆ ಆಧಾರ್ ಜೋಡಿಸುವುದು) ಆಗಿದೆಯಾ ಅಂತ ಬ್ಯಾಂಕಿನಲ್ಲಿ ಆ ಶಬ್ದವನ್ನೇ ಹೇಳಿ ಕೇಳಿ. ಸರಕಾರದಿಂದ ನೇರ ಬರುವ ಹಣ ಸೀಡಿಂಗ್ ಆದ ಖಾತೆಗೆ ಮಾತ್ರ ಬೀಳ್ತದೆ.

ಮತ್ತೆ ಫೋನ್ ನಂಬರ್. ನಾವು ಹೇಳಿದರೂ ನಮ್ಮ ನಂಬರ್ ಹಾಕಿಸಬೇಡಿ. ಮನೆಯ ನಂಬರ್ ಹಾಕಿ. ಫೋನು ತೋಟದಲ್ಲಿದ್ದರೆ ಸಂಜೆ ಬನ್ನಿ, ನಾವು ಕಾಯ್ತೇವೆ.

ಪೈವಳಿಕೆಯ ಅಮ್ಮ

ನಮಸ್ಕಾರ. ಮಗಳ ಕೈಯಲ್ಲಿ ಬರೆಸ್ತಾ ಇದ್ದೇನೆ. ನಾನು ಬೀಡಿ ಕಟ್ಟುವವಳು. ಇವಳು ಈಗ ಏಳನೇ ಕ್ಲಾಸ್, ಎಯ್ಡೆಡ್ ಶಾಲೆ, ಕನ್ನಡ. ಇವಳ ಅಪ್ಪ ತೀರಿಕೊಂಡು ಮೂರು ವರ್ಷ ಆಯ್ತು. ಶಾಲೆಯಲ್ಲಿ ಎಂಟನೇ ಕ್ಲಾಸಿಗೆ ಏನೋ ಪರೀಕ್ಷೆ ಉಂಟು, ದುಡ್ಡು ಬರ್ತದೆ ಅಂತ ಹೇಳಿದ್ರಂತೆ. ಅದು ಎಂತದ್ದು? ನಮ್ಮಂಥವರಿಗೆ ಸಿಗ್ತದಾ? ಇವಳು ಓದುವುದರಲ್ಲಿ ಹುಷಾರು. ಲೆಕ್ಕ ಮಾತ್ರ ಸ್ವಲ್ಪ ಹೆದರಿಕೆ.

ನೀರ್ಚಾಲಿನ ಟೀಚರ್

ಅಮ್ಮಾ, ನೀವು ಏಳನೇ ಕ್ಲಾಸಿನಲ್ಲೇ ಕೇಳಿದ್ದು ಎಷ್ಟು ಒಳ್ಳೆಯದಾಯಿತು. ಬಿಡಿಸಿ ಹೇಳುತ್ತೇನೆ.

ಆ ಪರೀಕ್ಷೆಯ ಹೆಸರು ಎನ್‌ಎಂಎಂಎಸ್. ಕೇಂದ್ರ ಸರಕಾರದ್ದು. ಸರಕಾರಿ ಅಥವಾ ಎಯ್ಡೆಡ್ ಶಾಲೆಯಲ್ಲಿ ಎಂಟನೇ ಕ್ಲಾಸ್ ಓದುವವರು ಬರೆಯಬಹುದು. ಮನೆಯ ವರಮಾನ ವರ್ಷಕ್ಕೆ 3.5 ಲಕ್ಷ ರೂಪಾಯಿ ಮೀರಬಾರದು. ಏಳನೇ ಕ್ಲಾಸಿನಲ್ಲಿ ಶೇಕಡಾ 55 ಮಾರ್ಕು ಇರಬೇಕು, ಅಂದರೆ ಇವಳ ಈ ವರ್ಷದ ಮಾರ್ಕು ಲೆಕ್ಕಕ್ಕೆ ಬರುತ್ತದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪ್ಲಸ್ ಟು ತನಕ ತಿಂಗಳಿಗೆ 1,000, ವರ್ಷಕ್ಕೆ 12,000. ನಾಲ್ಕು ವರ್ಷಕ್ಕೆ 48,000 ರೂಪಾಯಿ.

ಎರಡು ಪತ್ರಿಕೆ, ಒಂದೊಂದರಲ್ಲೂ 90 ಪ್ರಶ್ನೆ, 90 ನಿಮಿಷ. ಒಂದು ಬುದ್ಧಿಗೆ ಕೆಲಸ ಕೊಡುವಂಥದ್ದು: ಸಂಖ್ಯೆಗಳ ಸಾಲು, ಚಿತ್ರಗಳ ಸಾಲು, ದಿಕ್ಕು, ಗಡಿಯಾರ. ಇನ್ನೊಂದು ಪಾಠದ್ದು: ವಿಜ್ಞಾನ, ಸಮಾಜ, ಗಣಿತ. ಗಣಿತ ಬರೇ 20 ಪ್ರಶ್ನೆ, ಹೆದರಬೇಡ ಅಂತ ಮಗಳಿಗೆ ಹೇಳಿ. ಪಾಸಾಗಲಿಕ್ಕೆ ಶೇಕಡಾ 40 ಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 32. ಅಷ್ಟು ಬಂದರೂ ಸ್ಕಾಲರ್‌ಶಿಪ್ ಖಂಡಿತ ಅಂತಲ್ಲ, ಜಾಗ ಲೆಕ್ಕದ್ದು, ಮುಂದೆ ಇರುವವರಿಗೆ ಸಿಗುತ್ತದೆ. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಅರ್ಜಿ ಸಾಮಾನ್ಯವಾಗಿ ಓಣಂ ರಜೆ ಕಳೆದ ಮೇಲೆ.

ಮೊದಲ ಪತ್ರಿಕೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಅದು ಪಾಠಪುಸ್ತಕದಲ್ಲಿ ಇಲ್ಲ. ಪೇಟೆಯ ಮಕ್ಕಳು ಅಂಥ ಪುಸ್ತಕ ತಂದು ಬಿಡಿಸಿರುತ್ತಾರೆ. ನಮ್ಮ ಮಕ್ಕಳು ಪರೀಕ್ಷೆಯ ಹಾಲ್‌ನಲ್ಲೇ ಮೊದಲ ಸಲ ಅದರ ಮುಖ ನೋಡುವುದು. ಕೊನೆಯ ವರ್ಷಗಳಲ್ಲಿ ನಾನು ದಿನಕ್ಕೆ ಐದೇ ಪ್ರಶ್ನೆ ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತಿದ್ದೆ, ಮಧ್ಯಾಹ್ನ ಗಂಜಿಯ ಬೆಲ್ಲಿಗೆ ಮೊದಲು ಉತ್ತರ. ಜೂನಿನಿಂದ ಅಕ್ಟೋಬರ್ ತನಕ ಅಷ್ಟು ಮಾಡಿದರೆ ಮಗುವಿನ ಕಣ್ಣು ಪಳಗುತ್ತದೆ. 4, 9, 16 ಅಂದ ಕೂಡಲೇ 25 ಅನ್ನುತ್ತಾರೆ. ಕೋಚಿಂಗ್ ಬೇಡ, ದಿನದ ಐದು ಪ್ರಶ್ನೆ ತಪ್ಪಬಾರದು.

ನಿಮಗೆ ಇನ್ನೆರಡು ವಿಷಯ. ಅಪ್ಪ ಅಥವಾ ಅಮ್ಮನನ್ನು ಕಳೆದುಕೊಂಡ, ಕಷ್ಟದ ಮನೆಯ ಮಕ್ಕಳಿಗೆ ಕೇರಳ ಸರಕಾರದ ‘ಸ್ನೇಹಪೂರ್ವಂ’ ಇದೆ, ಅರ್ಜಿ ಶಾಲೆಯ ಮೂಲಕವೇ. ಇವಳ ಹೆಸರು ಅದರಲ್ಲಿ ಇದೆಯಾ ಅಂತ ನಾಳೆಯೇ ಕ್ಲಾಸ್ ಟೀಚರ್ ಹತ್ತಿರ ಕೇಳಿ. ಎರಡನೆಯದು, ನಿಮಗೆ ಬೀಡಿ ಕಾರ್ಮಿಕರ ಗುರುತಿನ ಚೀಟಿ ಇದ್ದರೆ ಮಕ್ಕಳಿಗೆ ಕಾರ್ಮಿಕ ಇಲಾಖೆಯ ಕೇಂದ್ರ ಸ್ಕಾಲರ್‌ಶಿಪ್ ಉಂಟು. ಶಾಲೆಯ ಮಟ್ಟದಲ್ಲಿ ಮೊತ್ತ ಸಣ್ಣದು, ಮುಂದೆ ವೃತ್ತಿಪರ ಕೋರ್ಸಿಗೆ ಹೋದರೆ ವರ್ಷಕ್ಕೆ 25,000 ತನಕ ಹೋಗುತ್ತದೆ. ಕೇಂದ್ರದ ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕುವ ರಾಷ್ಟ್ರೀಯ ಪೋರ್ಟಲಿನಲ್ಲಿ ಒಂದು ಮಗು ಒಂದು ಹೊತ್ತಿಗೆ ಒಂದನ್ನೇ ತೆಗೆದುಕೊಳ್ಳಬಹುದು. ಹಾಗಾಗಿ ಎನ್‌ಎಂಎಂಎಸ್ ಬಂದರೆ ಪ್ಲಸ್ ಟು ತನಕ ಅದೇ ಇರಲಿ, ಬೀಡಿಯದ್ದನ್ನು ಕಾಲೇಜಿಗೆ ಇಟ್ಟುಕೊಳ್ಳಿ. ಚೀಟಿ ಮಾತ್ರ ಜೋಪಾನ ಮಾಡಿ.

ಉಪ್ಪಳದವ, ಈಗ ಶಾರ್ಜಾ

ಟೀಚರೇ, ನೀವು ಹೇಳಿದ್ದರಲ್ಲಿ ತಪ್ಪು ಅಂತ ಅಲ್ಲ. ಆದರೂ ನನ್ನ ಮನಸ್ಸಿನಲ್ಲಿ ಇರುವುದನ್ನು ಹೇಳಲೇಬೇಕು. ಎಂಟನೇ ಕ್ಲಾಸಿನ ಮಗುವಿನ ಹತ್ತಿರ ಕಾಲೇಜು, ಎಂಟ್ರೆನ್ಸು ಅಂತ ಹೇಳ್ತಾ ಇದ್ದರೆ ಅದಕ್ಕೆ ಭಾರ ಆಗುವುದಿಲ್ಲವಾ? ಮನೆಯಲ್ಲಿ ಸಾಲ ಇದ್ದರೆ ತಿಂಗಳ ಸಾವಿರ ರೂಪಾಯಿ ಯಾವ ಲೆಕ್ಕ? ನಾನು ಪ್ಲಸ್ ಟು ಮುಗಿಸಿ ಹದಿನೆಂಟಕ್ಕೆ ಇಲ್ಲಿಗೆ ಬಂದೆ. ಅಪ್ಪನ ಆಪರೇಶನ್ ಸಾಲ ತೀರಿಸಿದೆ, ತಂಗಿಯ ಮದುವೆ ಮಾಡಿಸಿದೆ. ಕಾಲೇಜಿಗೆ ಹೋಗಿದ್ದರೆ ಅದು ಯಾವುದೂ ಆಗ್ತಿರಲಿಲ್ಲ. ಕಾಲೇಜಿಗೆ ಹೋಗದವರನ್ನು ಸೋತವರ ಹಾಗೆ ನೋಡಬೇಡಿ ಅಂತ ಅಷ್ಟೇ.

ನೀರ್ಚಾಲಿನ ಟೀಚರ್

ಅಣ್ಣ, ನೀವು ಮನೆಯನ್ನು ಎತ್ತಿ ನಿಲ್ಲಿಸಿದವರು. ನಿಮ್ಮನ್ನು ಸೋತವರು ಅನ್ನಲಿಕ್ಕೆ ನನ್ನ ನಾಲಿಗೆ ಏಳುವುದಿಲ್ಲ.

ನಾನು ಕಾಲೇಜು ಅನ್ನುವಾಗ ಬಿಎಸ್ಸಿ, ಬಿಕಾಂ ಮಾತ್ರ ಹೇಳುತ್ತಾ ಇಲ್ಲ. ವಿದ್ಯಾನಗರದ ಐಟಿಐ, ಕಾಞಂಗಾಡು ಮತ್ತು ತ್ರಿಕರಿಪುರದ ಪಾಲಿಟೆಕ್ನಿಕ್, ಮಾಯಿಪ್ಪಾಡಿಯ ಡಯಟ್‌ನಲ್ಲಿ ಟೀಚರ್ ಟ್ರೈನಿಂಗ್, ಎಲ್ಲವೂ ಸೇರಿತು. ಹತ್ತು ಮುಗಿಸಿ ಪಾಲಿಟೆಕ್ನಿಕ್ಕಿಗೆ ಹೋದರೆ ಮೂರು ವರ್ಷಕ್ಕೆ ಡಿಪ್ಲೊಮಾ. ಕೈಯಲ್ಲಿ ಕೆಲಸ ಇರುತ್ತದೆ, ಮುಂದೆ ಮನಸ್ಸಾದರೆ ಲ್ಯಾಟರಲ್ ಎಂಟ್ರಿಯಲ್ಲಿ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು, ನಮ್ಮ ಪೊವ್ವಲ್‌ನ ಎಲ್‌ಬಿಎಸ್‌ನಂಥ ಕಡೆ. ಇದು ಮಗುವಿಗೆ ಹತ್ತನೇ ಕ್ಲಾಸಿಗೆ ಮೊದಲೇ ಗೊತ್ತಿದ್ದರೆ, ಮನೆಯಲ್ಲಿ ಕಷ್ಟ ಬಂದಾಗ ಓದು ಬಿಡುವುದಾ ಬೇಡವಾ ಅನ್ನುವ ಒಂದೇ ಪ್ರಶ್ನೆ ಎದುರಿಗೆ ಇರುವುದಿಲ್ಲ.

ಭಾರದ ಮಾತು ನೀವು ಹೇಳಿದ್ದು ಸರಿ. ಮಗುವಿನ ತಲೆಗೆ ಭಾರ ಹಾಕಬಾರದು. ಕಾಗದ, ತಾರೀಕು ಎಲ್ಲ ದೊಡ್ಡವರ ಕೆಲಸ.

ಉಪ್ಪಳದವ, ಈಗ ಶಾರ್ಜಾ

ಡಿಪ್ಲೊಮಾದ ವಿಷಯ ನನಗೆ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು ಟೀಚರ್. ನಮ್ಮ ಸೈಟಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಇರುವ ಪಯ್ಯನ್ನೂರಿನ ಹುಡುಗ ಒಬ್ಬ ಇದ್ದಾನೆ. ನಾನು ಬಂದ ಎಂಟು ವರ್ಷದ ಮೇಲೆ ಬಂದವನು, ನನಗೆ ಕೆಲಸ ಹೇಳುವವನು ಅವನು. ಒಳ್ಳೆಯ ಹುಡುಗ. ಅವನ ಹತ್ತಿರ ಬೇಸರ ಇಲ್ಲ. ನನ್ನ ಅಣ್ಣನ ಮಗ ಒಂಬತ್ತರಲ್ಲಿ ಇದ್ದಾನೆ, ಅವನಿಗೆ ಹೇಳ್ತೇನೆ.

ವಿದ್ಯಾನಗರ, ಸರಕಾರಿ ಕಾಲೇಜು, ಎರಡನೇ ವರ್ಷ

ನಾನು ಕಾರಡ್ಕ ಕಡೆಯವಳು. ಹತ್ತರ ತನಕ ಕನ್ನಡ ಮಾಧ್ಯಮ. ಟೀಚರ್ ಹೇಳಿದ ಇಂಗ್ಲಿಷಿನ ವಿಷಯ ಬರೀತೇನೆ, ಯಾಕೆಂದರೆ ನಾನು ಬಿಟ್ಟುಬಿಡುವಷ್ಟು ಹತ್ತಿರ ಬಂದದ್ದು ದುಡ್ಡಿಗಾಗಿ ಅಲ್ಲ, ಇದಕ್ಕಾಗಿ.

ಪ್ಲಸ್ ವನ್ ಸಯನ್ಸ್. ಮೊದಲ ವಾರ ಫಿಸಿಕ್ಸ್ ಸರ್ "ಆಕ್ಸಿಲರೇಶನ್" ಅಂತ ಹೇಳ್ತಾ ಹೋದರು. ಕ್ಲಾಸಿನಲ್ಲಿ ಎಲ್ಲರೂ ತಲೆ ಆಡಿಸ್ತಾ ಇದ್ದರು. ನನಗೆ ಏನೂ ಗೊತ್ತಾಗಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಒಂದು ದಿನ ಹಳೆಯ ಕನ್ನಡ ಪುಸ್ತಕ ತೆರೆದು ನೋಡ್ತೇನೆ, ಅದು ನಮ್ಮ ವೇಗೋತ್ಕರ್ಷ! ನನಗೆ ಬಾಯಿಪಾಠ ಬರುವ ಪಾಠ. ಇನರ್ಷಿಯಾ ಅಂದರೆ ಜಡತ್ವ. ಫೋಟೋಸಿಂಥೆಸಿಸ್ ಅಂದರೆ ದ್ಯುತಿಸಂಶ್ಲೇಷಣೆ. ನನಗೆ ಗೊತ್ತಿದ್ದದ್ದನ್ನೇ ಗೊತ್ತಿಲ್ಲ ಅಂದುಕೊಂಡು ರಾತ್ರಿಯೆಲ್ಲ ಅತ್ತಿದ್ದೆ.

ಆಮೇಲೆ ಒಂದು 200 ಪುಟದ ಉದ್ದ ಪುಸ್ತಕ ತೆಗೆದುಕೊಂಡೆ. ಪ್ರತಿ ಪುಟದ ನಡುವೆ ಸ್ಕೇಲಿನಲ್ಲಿ ಗೆರೆ. ಎಡಕ್ಕೆ ಕನ್ನಡ, ಬಲಕ್ಕೆ ಇಂಗ್ಲಿಷ್, ಕೆಳಗೆ ಅದನ್ನು ಹೇಗೆ ಉಚ್ಚರಿಸುವುದು ಅಂತ ಕನ್ನಡ ಅಕ್ಷರದಲ್ಲಿ. ಎಂಟು, ಒಂಬತ್ತು, ಹತ್ತರ ಪುಸ್ತಕಗಳನ್ನು ಎದುರಿಗೆ ಇಟ್ಟು ಪಾಠ ಪಾಠವಾಗಿ ಶಬ್ದ ಹೆಕ್ಕಿದೆ. ಅದೇ ಪಾಠದ ಇಂಗ್ಲಿಷ್ ಮಾಧ್ಯಮದ ಪುಸ್ತಕ ಪಕ್ಕದ ಮನೆಯ ಹುಡುಗಿಯದ್ದು. ಎರಡರಲ್ಲೂ ಚಿತ್ರ ಒಂದೇ, ಪುಟ ಹೆಚ್ಚುಕಡಿಮೆ ಒಂದೇ, ಹಾಗಾಗಿ ಹುಡುಕುವುದು ಕಷ್ಟ ಆಗಲಿಲ್ಲ. ದೀಪಾವಳಿಗೆ ಆಗುವಾಗ ಕ್ಲಾಸು ಅರ್ಥ ಆಗಲಿಕ್ಕೆ ಶುರುವಾಯ್ತು.

ಈಗ ನನ್ನ ತಮ್ಮ ಎಂಟರಲ್ಲಿ ಇದ್ದಾನೆ. ಪಾಠ ಆದ ದಿನವೇ ಶಬ್ದ ಬರೀತಾನೆ, ದಿನಕ್ಕೆ ನಾಲ್ಕೋ ಐದೋ. ಅವನಿಗೆ ಅದು ಆಟದ ಹಾಗೆ. ಕನ್ನಡ ಮಾಧ್ಯಮ ಬಿಡಿಸುವುದು ಬೇಡ ಅಂತ ನಾನು ಮನೆಯಲ್ಲಿ ಗಟ್ಟಿಯಾಗಿ ಹೇಳಿದ್ದೇನೆ. ನನಗೆ ವಿಷಯ ಒಳಗೆ ಇಳಿದದ್ದು ಕನ್ನಡದಲ್ಲಿ ಕಲಿತದ್ದರಿಂದ. ಈ ಪುಸ್ತಕ ಒಂದು ಮೊದಲೇ ಸಿಕ್ಕಿದ್ದರೆ ಆ ತಿಂಗಳು ನಾನು ಅಷ್ಟು ಅಳುತ್ತಿರಲಿಲ್ಲ.

ಪ್ಲಸ್ ವನ್ ಅರ್ಜಿ ಹಾಕುವಾಗ ಎರಡನೇ ಭಾಷೆಯಾಗಿ ಕನ್ನಡ ಯಾವ ಶಾಲೆಯಲ್ಲಿ ಉಂಟು ಅಂತ ಮೊದಲೇ ನೋಡಿಕೊಳ್ಳಿ. ಎಲ್ಲ ಶಾಲೆಯಲ್ಲೂ ಇಲ್ಲ. ಡಿಗ್ರಿಗೆ ಬಂದರೆ ನಮ್ಮ ಕಾಲೇಜಿನಲ್ಲಿ ಕನ್ನಡ ಎಂ.ಎ. ತನಕವೂ ಇದೆ.

ಇನ್ನೊಂದು: 2024ರಿಂದ ಡಿಗ್ರಿ ನಾಲ್ಕು ವರ್ಷ ಆಗಿದೆ ಅಂತ ಕೇಳಿ ನನ್ನ ಅಮ್ಮ ಗಾಬರಿ ಆಗಿದ್ದರು. ಮೂರು ವರ್ಷಕ್ಕೆ ಡಿಗ್ರಿ ತೆಗೆದುಕೊಂಡು ಹೊರಗೆ ಬರಬಹುದು. ನಾಲ್ಕನೆಯದು ಬೇಕಾದವರಿಗೆ.

ನೀರ್ಚಾಲಿನ ಟೀಚರ್

ಮಗಾ, ಆ ಪುಸ್ತಕದ ಪುಟಗಳ ಫೋಟೋ ತೆಗೆದು ಕಳಿಸುತ್ತೀಯಾ? ಗಣಿತದ ಶಬ್ದಗಳನ್ನು ನಾನು ಸೇರಿಸುತ್ತೇನೆ. 26 ವರ್ಷ ಕಲಿಸಿದೆ, ಅಪವರ್ತನ ಅಂತ ಬೋರ್ಡಿನಲ್ಲಿ ಬರೆಯುವಾಗ ಪಕ್ಕದಲ್ಲಿ ಫ್ಯಾಕ್ಟರ್ ಅಂತ ಒಂದು ಶಬ್ದ ಬರೆಯಬೇಕು ಅಂತ ನನಗೆ ಹೊಳೆಯಲಿಲ್ಲವಲ್ಲ.

ಮಂಜೇಶ್ವರದ ಅಪ್ಪ

ನನ್ನ ಮಗ ಹತ್ತರಲ್ಲಿ. ನಮಗೆ ತಲಪಾಡಿ ದಾಟಿದರೆ ಮಂಗಳೂರು, ಬಸ್ಸಿಗೆ ಮುಕ್ಕಾಲು ಗಂಟೆ. ಇಲ್ಲಿ ಎಲ್ಲರೂ ಅಲ್ಲಿಗೇ ಪಿಯುಸಿಗೆ ಕಳಿಸ್ತಾರೆ. ನಾನು ರಿಕ್ಷಾ ಓಡಿಸುವವನು. ಮಗನಿಗೆ ಎನ್‌ಎಂಎಂಎಸ್ ಬರ್ತಾ ಉಂಟು. ಮಂಗಳೂರಾ ಇಲ್ಲೇ ಪ್ಲಸ್ ವನ್ನಾ? ಇಂಜಿನಿಯರಿಂಗ್ ಅಂತ ಹೇಳ್ತಾ ಇದ್ದಾನೆ.

ಕುಂಬಳೆ, ಪಿಯು ಉಪನ್ಯಾಸಕ

ನಾನು ದಿನಾ ಕುಂಬಳೆಯಿಂದ ಮಂಗಳೂರಿಗೆ ಹೋಗಿ ಪಿಯುಸಿಗೆ ಪಾಠ ಮಾಡುವವನು. ಎರಡೂ ಕಡೆ ನೋಡಿ ಹೇಳುತ್ತೇನೆ.

ಅಣ್ಣ, ಮೊದಲು ಎನ್‌ಎಂಎಂಎಸ್. ಅದು ಮುಂದುವರಿಯಬೇಕಾದರೆ ಹತ್ತರಲ್ಲಿ ಶೇಕಡಾ 60 ಬರಬೇಕು, ಮತ್ತು ಮಗು ಸರಕಾರಿ ಅಥವಾ ಎಯ್ಡೆಡ್‌ನಲ್ಲೇ ಓದಬೇಕು. ಮಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಿದ ದಿನ ಅದು ನಿಂತಿತು. ಎರಡು ವರ್ಷದ 24,000 ಹೋಯಿತು, ಅದರ ಮೇಲೆ ಅಲ್ಲಿಯ ಫೀಸು. ಕೇರಳದ ಉಳಿದ ಸಹಾಯಗಳಿಗೂ ಹೊರ ರಾಜ್ಯಕ್ಕೆ ಹೋದರೆ ನಿಬಂಧನೆ ಬೇರೆ. ಸೇರುವ ಮೊದಲೇ ವಿಚಾರಿಸಬೇಕು, ಸೇರಿದ ಮೇಲೆ ಪ್ರಯೋಜನ ಇಲ್ಲ.

ಇಲ್ಲೇ ಪ್ಲಸ್ ಟು ಓದಿದರೆ ಕರ್ನಾಟಕದ ಇಂಜಿನಿಯರಿಂಗ್ ಸೀಟು ಸಿಗುವುದಿಲ್ಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಪ್ರವೇಶ ಪರೀಕ್ಷೆ ಸಿಇಟಿಯಲ್ಲಿ ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ಕಲಮು ಇದೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಅದರಲ್ಲಿ ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಇರಬೇಕು, ಸಿಇಟಿಯ ಜೊತೆ ಒಂದು ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಅದು ಲೆಕ್ಕಕ್ಕೇ ಇಲ್ಲ. ಅರ್ಜಿ ಹಾಕುವಾಗ ಆ ಕಲಮನ್ನು ಆರಿಸಬೇಕು, ಕೇಳಿದ ಪ್ರಮಾಣಪತ್ರ ಮೊದಲೇ ಮಾಡಿಸಿಡಬೇಕು. ಪ್ರತಿ ವರ್ಷ ಕೈಪಿಡಿಯನ್ನು ಹೊಸತಾಗಿ ಓದಿ, ಹೋದ ವರ್ಷದವರು ಹೇಳಿದ್ದನ್ನು ನಂಬಿ ಕೂರಬೇಡಿ.

ಕನ್ನಡದಲ್ಲೇ ಪ್ರಶ್ನೆಪತ್ರಿಕೆ ಬೇಕಾದವರಿಗೆ: ಜೆಇಇ ಮೈನ್ (ಇಂಜಿನಿಯರಿಂಗಿಗೆ), ನೀಟ್ (ಮೆಡಿಕಲ್‌ಗೆ), ಸಿಯುಇಟಿ (ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ) ಮೂರೂ 13 ಭಾಷೆಗಳಲ್ಲಿ ನಡೆಯುತ್ತವೆ, ಕನ್ನಡವೂ ಒಂದು. ನೀಟ್‌ನಲ್ಲೂ ಜೆಇಇ ಮೈನ್‌ನಲ್ಲೂ ಒಂದು ಸೂಕ್ಷ್ಮ ಇದೆ. ಕನ್ನಡ ಪತ್ರಿಕೆ ಬೇಕಾದರೆ ಕರ್ನಾಟಕದ ಪರೀಕ್ಷಾ ಕೇಂದ್ರವನ್ನೇ ಆರಿಸಬೇಕು. ನಮಗೆ ಮಂಗಳೂರು ಹತ್ತಿರವೇ ಇದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಮೂಲಕ ಸೇರುವುದು. ನಮ್ಮ ಜಿಲ್ಲೆಯ ಒಳಗೇ ಅಂಥದ್ದೊಂದು ಇದೆ, ನಮ್ಮ ಪಂಚಾಯತುಗಳ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ. ಇದು ನನಗೆ ತುಂಬ ನೋವಿನ ವಿಷಯ.

ನನ್ನ ಮಾತು ಕೇಳಿದರೆ ಮಗ ಇಲ್ಲೇ ಪ್ಲಸ್ ವನ್ ಮಾಡಲಿ.

ತಾಳವಾಡಿಯಿಂದ

ನಾವು ಈರೋಡು ಜಿಲ್ಲೆ ತಾಳವಾಡಿಯವರು. ನಿಮ್ಮ ಮಾತೆಲ್ಲ ಓದ್ತಾ ಇದ್ದೆ, ನಮ್ಮ ಕಡೆದೂ ಹೇಳ್ಬೇಕು ಅನ್ನಿಸ್ತು. ತಮಿಳುನಾಡಲ್ಲಿ ಸಹಾಯ ಚೆನ್ನಾಗೈತೆ, ಆದ್ರೆ ಲೆಕ್ಕ ಆರನೇ ಕ್ಲಾಸಿಂದ. ಆರರಿಂದ ಹನ್ನೆರಡರ ತನಕ ಸರ್ಕಾರಿ ಶಾಲೇಲಿ ಓದಿದೋರಿಗೆ ಮೆಡಿಕಲ್ ಸೀಟಲ್ಲಿ ಶೇಕಡಾ 7.5 ಮೀಸಲು, 2020ರಲ್ಲಿ ಬಂತು, ಆಮೇಲೆ ಇಂಜಿನಿಯರಿಂಗಿಗೂ ಬಂತು. ಹಂಗೇ ಓದಿ ಕಾಲೇಜು ಸೇರಿದ ಹೆಣ್ಮಕ್ಕಳಿಗೆ ‘ಪುದುಮೈ ಪೆಣ್’ ಅಂತ ತಿಂಗಳಿಗೆ 1,000 ರೂಪಾಯಿ. 2024ರಿಂದ ಗಂಡುಮಕ್ಕಳಿಗೂ ‘ತಮಿಳ್ ಪುದಲ್ವನ್’. ಮನೇಲಿ ಮೊದಲ ಪದವೀಧರ ಆದ್ರೆ ಟ್ಯೂಷನ್ ಫೀಸಲ್ಲೂ ರಿಯಾಯ್ತಿ.

ನಮ್ಮ ಚಿಕ್ಕಪ್ಪನ ಮಗಳು ಎಂಟರ ತನಕ ನಮ್ಮೂರ ಸರ್ಕಾರಿ ಕನ್ನಡ ಶಾಲೆ. ಮುಂದೆ ಒಳ್ಳೇದಾಗ್ಲಿ ಅಂತ ಚಿಕ್ಕಪ್ಪ ಸಾಲ ಮಾಡಿ ಒಂಬತ್ತಕ್ಕೆ ಒಂದು ಪ್ರೈವೇಟ್ ಇಂಗ್ಲಿಷ್ ಶಾಲೆಗೆ ಹಾಕಿದ್ರು. ಹನ್ನೆರಡು ಮುಗಿದ ಮೇಲೆ ಗೊತ್ತಾಯ್ತು, ಮೀಸಲೂ ಇಲ್ಲ, ತಿಂಗಳ ಸಾವಿರಾನೂ ಇಲ್ಲ. ಸಾಲ ಮಾತ್ರ ಉಳೀತು. ಮಗೀಗೆ ಒಳ್ಳೇದು ಮಾಡೋಕೆ ಹೋಗಿ ಹಿಂಗಾಯ್ತಲ್ಲ ಅಂತ ಚಿಕ್ಕಪ್ಪ ಇವತ್ತಿಗೂ ಕೊರಗ್ತಾರೆ. ಶಾಲೆ ಬದಲಾಯಿಸೋ ಮುಂಚೆ ಯಾರನ್ನಾದ್ರೂ ಕೇಳಿ, ಕೈ ಮುಗೀತೀನಿ.

ಮುಳ್ಳೇರಿಯ, ಅಕ್ಷಯದಲ್ಲಿ ಕೆಲಸ

ತಾಳವಾಡಿಯ ಅಣ್ಣ ಹೇಳಿದ್ದು ಓದಿ ಹೊಟ್ಟೆ ಚುರುಕ್ ಅಂತು.

ಪ್ಲಸ್ ಟು ಆದವರಿಗೆ ಒಂದು ಸೇರಿಸ್ತೇನೆ. ಬೋರ್ಡಿನ ಪರೀಕ್ಷೆಯಲ್ಲಿ ಮೇಲಿನ ಶೇಕಡಾ 20ರೊಳಗೆ ಬಂದು, ಮನೆಯ ವರಮಾನ 4.5 ಲಕ್ಷದ ಒಳಗೆ ಇದ್ದರೆ, ಡಿಗ್ರಿಗೆ ವರ್ಷಕ್ಕೆ 12,000 ಕೊಡುವ ಕೇಂದ್ರದ ಸ್ಕಾಲರ್‌ಶಿಪ್ ಇದೆ. ಕಾಲೇಜು ಸೇರಿದ ಮೇಲೆ ಅದೇ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ. ಮಾರ್ಕು ಇರುವ ಮಕ್ಕಳೇ ಇದನ್ನು ಬಿಟ್ಟುಬಿಡ್ತಾರೆ, ಯಾಕೆಂದರೆ ಪ್ಲಸ್ ಟು ಶಾಲೆಯವರ ಕೆಲಸ ಮುಗಿದಿರ್ತದೆ, ಕಾಲೇಜಿನಲ್ಲಿ ಇನ್ನೂ ಯಾರ ಪರಿಚಯವೂ ಇರುವುದಿಲ್ಲ. ಆದಾಯ ಪ್ರಮಾಣಪತ್ರಕ್ಕೆ ಒಂದು ವರ್ಷದ ಆಯುಷ್ಯ. ಮೇ ತಿಂಗಳಲ್ಲಿ ಮಾಡಿಸಿದರೆ ಪ್ಲಸ್ ವನ್ ಅಥವಾ ಡಿಗ್ರಿಯ ಎಲ್ಲ ಅರ್ಜಿಗೂ ಅದೇ ಸಾಕು.

ಟೀಚರೇ, ನೀವು ಕೂತುಕೊಳ್ಳುವುದಾದರೆ ನಾನು ತಿಂಗಳಿಗೆ ಒಂದು ಆದಿತ್ಯವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಬರ್ತೇನೆ. ಫೀಸ್ ಬೇಡ.

ನೀರ್ಚಾಲಿನ ಟೀಚರ್

ನೀವು ಬನ್ನಿ. ನಮ್ಮ ಊರಿನ ಗ್ರಂಥಾಲಯದವರ ಹತ್ತಿರ ಇವತ್ತು ಮಾತಾಡಿ ಬಂದೆ. ಮೇಲಿನ ಕೋಣೆ ಕೊಡುತ್ತಾರೆ. ಮುಂದಿನ ಆದಿತ್ಯವಾರ ಬೆಳಗ್ಗೆ ಹತ್ತಕ್ಕೆ ಶುರು ಮಾಡೋಣ. ಮೊದಲ ಸಲ ಏಳು ಮತ್ತು ಎಂಟನೇ ಕ್ಲಾಸಿನ ಮಕ್ಕಳು ಮಾತ್ರ. ಜನನ ಪತ್ರ, ಆಧಾರ್, ರೇಶನ್ ಕಾರ್ಡ್, ಪಾಸ್‌ಬುಕ್ ತರಲಿ, ಇದ್ದಷ್ಟು. ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ಹೆಸರನ್ನು ಅಕ್ಷರ ಅಕ್ಷರವಾಗಿ ಓದುವುದು, ಅವತ್ತಿಗೆ ಅಷ್ಟೇ ಕೆಲಸ. ಒಂದೊಂದು ಮಗುವಿಗೆ ಒಂದು ಪ್ಲಾಸ್ಟಿಕ್ ಫೈಲು ನಾನು ತರುತ್ತೇನೆ.

ಆ ಹುಡುಗಿಯನ್ನೂ ಬರಲಿಕ್ಕೆ ಹೇಳಿದ್ದೇನೆ, ಸ್ಕೋಲ್ ಕೇರಳದಲ್ಲಿ ಬರೆಯುವವಳು. ಚಿಕ್ಕವರ ಹೆಸರು ನಾನು ಓದುತ್ತೇನೆ ಟೀಚರ್ ಅಂದಳು. ಅವಳ ಡಿಗ್ರಿಯ ವಿಷಯವನ್ನೂ ಅವತ್ತೇ ಕೂತು ನೋಡುವುದು.

ಪೈವಳಿಕೆಯ ಅಮ್ಮ

ಟೀಚರ್, ಇವತ್ತು ಶಾಲೆಗೆ ಹೋಗಿದ್ದೆ. ಸ್ನೇಹಪೂರ್ವಂನಲ್ಲಿ ಇವಳ ಹೆಸರು ಇರಲಿಲ್ಲ. ಫಾರಂ ಕೊಟ್ಟಿದ್ದಾರೆ. ಅಪ್ಪನ ಮರಣ ಪತ್ರದಲ್ಲಿ ಅವರ ಹೆಸರಿಗೆ ಮನೆ ಹೆಸರು ಸೇರಿದೆ, ಇವಳ ಆಧಾರ್‌ನಲ್ಲಿ ಇಲ್ಲ. ಅದು ಸಾಕಾಗ್ತದಾ ಅಂತ ಗೊತ್ತಿಲ್ಲ, ಎಲ್ಲ ಹಿಡಿದುಕೊಂಡು ಆದಿತ್ಯವಾರ ಬರ್ತೇವೆ. ಪೈವಳಿಕೆಯಿಂದ ಏಳೂವರೆಯ ಬಸ್ಸಿಗೆ ಹೊರಟರೆ ಹತ್ತಕ್ಕೆ ಮೊದಲು ಮುಟ್ಟಬಹುದು ಅಲ್ವಾ?